ಸಾಹೇಬರ ಚೀಲ, ಅಣ್ಣನ ಪಾತಿ

ಸಾಹೇಬರ ದೋಣಿ ನಮ್ಮ ಆಸ್ಪತ್ರೆಗೆ ಬಂದದ್ದು ವೈಶಾಖದಲ್ಲಿ, ಎರಡು ಗಂಟುಗಳಾಗಿ. ಒಂದು ಗಂಟಿನಲ್ಲಿ ತೆಳ್ಳಗಿನ ಮರದ ಪಟ್ಟಿಗಳು, ಇನ್ನೊಂದರಲ್ಲಿ ರಬ್ಬರು ಬಳಿದ ದಪ್ಪ ಬಟ್ಟೆ. ಕಾರವಾರದಲ್ಲಿ ಮೂರು ವರ್ಷ ಇದ್ದು ತನ್ನ ದೇಶಕ್ಕೆ ಹೊರಟ ಬಿಳಿಯ ಅಧಿಕಾರಿಯೊಬ್ಬರು, ವಿನೋದಕ್ಕೆಂದು ತರಿಸಿಕೊಂಡಿದ್ದ ಅದನ್ನು ನಮ್ಮ ದಾಕ್ತರಿಗೆ ಕೊಟ್ಟು ಹೋಗಿದ್ದರು. ದಾಕ್ತರು ಹಿತ್ತಿಲಲ್ಲಿ ಕೂತು, ಕಾಗದದಲ್ಲಿದ್ದ ಚಿತ್ರ ನೋಡಿ ನೋಡಿ, ಪಟ್ಟಿಗಳನ್ನು ಒಂದಕ್ಕೊಂದು ಸಿಗಿಸಿ ಅದಕ್ಕೆ ಬಟ್ಟೆಯ ಅಂಗಿ ತೊಡಿಸಿದರು. ಮೇಲ್ಭಾಗವೂ ಮುಚ್ಚಿದ, ನಡುವೆ ಒಬ್ಬರು ಸೊಂಟದವರೆಗೆ ಇಳಿದು ಕೂರುವಷ್ಟೇ ತೂತಿದ್ದ ದೋಣಿ ಅದು. ಅದರ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಇದಕ್ಕೆ ಕಯಾಕ್ ಎನ್ನುತ್ತಾರೆಂದು ದಾಕ್ತರು ಹೇಳಿಕೊಟ್ಟರು. ದೋಣಿಗಳು ಬಂದು ನಿಲ್ಲುವ ಧಕ್ಕೆಯ ಜನ ಒಂದೇ ದಿನದಲ್ಲಿ ಅದಕ್ಕೆ ಸಾಹೇಬರ ಚೀಲ ಎಂದು ಹೆಸರಿಟ್ಟರು.

ಆ ಚೀಲದೊಳಗೆ ಕೂರಬೇಕಾದವಳು ನಾನು. ಕಾಳಿ ಹೊಳೆಯ ಎರಡೂ ದಂಡೆಯ ಊರುಗಳಿಗೆ ಹೋಗಿ ಹೆರಿಗೆ ಮಾಡಿಸುವ ಆಸ್ಪತ್ರೆಯ ಸೂಲಗಿತ್ತಿ. ಕೆಲಸ ಕಲಿತಿದ್ದೆ, ಸರ್ಟಿಫಿಕೇಟೂ ಇತ್ತು; ಹೆರುವವಳ ಮನೆಗೆ ತಲುಪುವುದೊಂದು ಮಾತ್ರ ನನ್ನ ಕೈಯಲ್ಲಿರಲಿಲ್ಲ. ನಮ್ಮ ಮೀನುಗಾರ ಜನರಲ್ಲಿ ಹೆರಿಗೆಯ ಅಮೆ, ಅಂದರೆ ಮೈಲಿಗೆ, ಹನ್ನೊಂದು ದಿನ. ಬಾಳಂತಿಯ ಮನೆಯಿಂದ ಬಂದವಳು ಹತ್ತಿದ ದೋಣಿಗೂ ಅಷ್ಟೇ ದಿನ. ಅದನ್ನು ದಡದಲ್ಲಿ ಬೋರಲು ಹಾಕಬೇಕು, ಹನ್ನೆರಡನೆಯ ದಿನ ತೊಳೆದು ಕಾಯಿ ಒಡೆದು ನೀರಿಗಿಳಿಸಬೇಕು. ಹಾಗಾಗಿ ನಾನು ಪೆಟ್ಟಿಗೆ ಹಿಡಿದು ಧಕ್ಕೆಗೆ ಬಂದೆನೆಂದರೆ ಒಬ್ಬನ ರಟ್ಟೆ ನೋಯುತ್ತಿತ್ತು, ಇನ್ನೊಬ್ಬನ ದೋಣಿ ಸೋರುತ್ತಿತ್ತು. ನಾನೂ ಅಂಕೋಲೆ ದಂಡೆಯ ಮೀನುಗಾರರ ಮನೆಯಲ್ಲೇ ಹುಟ್ಟಿದವಳಾದ್ದರಿಂದ ಅವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಇದರ ಫಲ ಉಂಡಾಗಿತ್ತು. ಶಿರವಾಡ ದಾಟಿ ಮೇಲಕ್ಕೆ, ಧಕ್ಕೆಯಿಂದ ಎರಡು ಹರದಾರಿ ದೂರದಲ್ಲಿ, ಹೊಳೆಯ ಅಂಚಿಗೆ ಗದ್ದೆಗಳ ನಡುವೆ ನಾಲ್ಕೈದು ಮನೆಗಳಿವೆ. ಬೇಸಿಗೆಯಲ್ಲಿ ಏರಿಯ ಮೇಲೆ ನಡೆದು ಹೋಗಬಹುದು. ಮಳೆಗಾಲದಲ್ಲಿ ಏರಿ ಮುಳುಗಿ ಸುತ್ತಲೂ ನೀರು ನಿಂತು ಅದು ಕುರ್ವೆಯಾಗಿಬಿಡುತ್ತದೆ. ಅಲ್ಲಿಯ ಒಂದು ಒಕ್ಕಲು ಮನೆಗೆ ಶೆಟಗೇರಿಯಿಂದ ಮದುವೆಯಾಗಿ ಬಂದ ಹುಡುಗಿಗೆ ಚೊಚ್ಚಲ ಹೆರಿಗೆ. ಕರೆ ಬಂದ ದಿನ ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಧಕ್ಕೆಯ ಕಲ್ಲಿನ ಮೇಲೆ ಕೂತಿದ್ದೆ. ಮರುದಿನ ಕಟ್ಟಿಗೆಯ ದೋಣಿಯೊಂದು ಅರ್ಧ ದಾರಿಗೆ ಬಿಟ್ಟಿತು; ಉಳಿದದ್ದನ್ನು ಸೊಂಟಮಟ್ಟದ ನೀರಿನಲ್ಲಿ ನಡೆದೆ. ನಾನು ಹೋಗುವಷ್ಟರಲ್ಲಿ ಕೂಸು ಹುಟ್ಟಿ, ಉಸಿರಾಡದೆ, ಹೂತು ಆಗಿತ್ತು. ಅವಳು ಚಾಪೆಯ ಮೇಲಿಂದ ನನ್ನನ್ನು ನೋಡಿ ಕೇಳಿದಳು.

"ಬಾಯಿ, ನೀವು ನಿನ್ನೆ ಬಂದಿದ್ರೆ ಉಳೀತಿತ್ತಾ?"

ನಾನು ಅವಳ ಹೊಟ್ಟೆ ಮುಟ್ಟಿ ನೋಡುತ್ತಿದ್ದೇನೆಂಬಂತೆ ತಲೆ ತಗ್ಗಿಸಿದೆ. ಉಳಿಯುತ್ತಿತ್ತು ಎಂದೂ ಹೇಳಲಾರೆ, ಇಲ್ಲವೆಂದೂ ಹೇಳಲಾರೆ. ಆ ಪ್ರಶ್ನೆ ವರ್ಷವಿಡೀ ನನ್ನ ಜೊತೆಗೇ ಇತ್ತು, ಊಟಕ್ಕೆ ಕೂತರೂ ಇತ್ತು.

ಈಗ ಅವಳಿಗೆ ಮತ್ತೆ ದಿನ ತುಂಬುವುದು ಆಷಾಢದ ಕೊನೆಗೆ. ಬೇಸಿಗೆಯಲ್ಲಿ ಶಿರವಾಡದವರೆಗೆ ನಡೆದು ಬಂದು ತೋರಿಸಿಕೊಂಡು ಹೋಗಿದ್ದಳು. ಈ ಸಲ ಯಾರನ್ನೂ ಕಾಯುವುದಿಲ್ಲ, ನಾನೇ ದೋಣಿ ಹಾಕಿಕೊಂಡು ಬರುತ್ತೇನೆ ಎಂದು ಆಗ ಅವಳಿಗೆ ಮಾತು ಕೊಟ್ಟೆ. ಮಾತು ಕೊಡುವಾಗ ನನ್ನ ಬಳಿ ದೋಣಿಯೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಹದಿನೈದು ದಿನ ಕಳೆದು ಚೀಲ ಬಂತು. ದಾಕ್ತರಿಗೆ ಇದು ದೇವರೇ ಕಳಿಸಿದ ಹಾಗೆ ಕಂಡಿತು: ಒಬ್ಬಳೇ ಹೊರಬಹುದಾದಷ್ಟು ಹಗುರ, ಒಬ್ಬಳೇ ನಡೆಸಬಹುದು, ಯಾರ ಅಮೆಯ ಗೊಡವೆಯೂ ಇಲ್ಲ.

ಶಿರವಾಡದ ಬಳಿ ಹೊಳೆಯಿಂದ ಒಳಗೆ ಹೊಕ್ಕ ನಿಂತ ನೀರಿನಲ್ಲಿ ಕಲಿಯಲು ಸುರುಮಾಡಿದೆ. ಸೀರೆಯ ಕಚ್ಚೆ ಹಾಕಿ ಬಿಗಿದು, ಕಾಲು ಮುಂದೆ ಚಾಚಿ ತೂತಿನೊಳಗೆ ಇಳಿದರೆ ಸೊಂಟದ ಕೆಳಗೆ ನಾನು ನನ್ನವಳಲ್ಲ. ಆದರೆ ಅದರ ಓಟವನ್ನು ಒಪ್ಪಲೇಬೇಕು. ಹುಟ್ಟನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಅದ್ದಿದರೆ ಸಾಕು, ನೀರಿನ ಮೇಲೆ ಸರ್ರನೆ ಹೋಗುತ್ತಿತ್ತು. ಮೂರನೆಯ ದಿನ ಗಾಳಿ ಎದ್ದು ಸಣ್ಣ ತೆರೆಯೊಂದು ಬದಿಗೆ ಬಡಿಯಿತು. ಮರುಗಳಿಗೆಗೆ ನಾನು ತಲೆಕೆಳಗಾಗಿ ಕೆಸರು ನೀರು ಕುಡಿಯುತ್ತಿದ್ದೆ. ಕಾಲು ಬಿಡಿಸಿಕೊಂಡು ಮೇಲೆ ಬರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು.

ಆಮೇಲೆ ಮತ್ತೆ ಮೂರು ಸಲ ಬಿದ್ದೆ. ನಾಲ್ಕೂ ಸಲ ಎಡಕ್ಕೇ ಬಿದ್ದದ್ದು. ದಡದಲ್ಲಿ ಸೀರೆ ಹಿಂಡುತ್ತಾ ನಿಂತಾಗ ಇದು ಯಾಕೆಂದು ಹೊಳೆಯಿತು. ನಮ್ಮ ಪಾತಿಗೆ, ಅಂದರೆ ಒಂದೇ ಮರ ಕೊರೆದು ಮಾಡಿದ ಸಣ್ಣ ದೋಣಿಗೆ, ಎಡಬದಿಯಲ್ಲಿ ಉಲಂಡಿ ಇರುತ್ತದೆ: ಎರಡು ಬಾಗಿದ ಅಡ್ಡಕೋಲುಗಳ ತುದಿಗೆ ಕಟ್ಟಿದ, ನೀರಿನ ಮೇಲೆ ತೇಲುವ ಹಗುರ ದಿಮ್ಮಿ. ದೋಣಿ ಓಲಾಡಿದರೆ ಎಡಕ್ಕೆ ಭಾರ ಹಾಕು, ಉಲಂಡಿ ನೋಡಿಕೊಳ್ಳುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ, ನಡೆಯುವುದನ್ನು ಕಲಿತ ಹಾಗೆ ಮೈಯೇ ಕಲಿತಿರುತ್ತದೆ. ಚೀಲಕ್ಕೆ ಉಲಂಡಿ ಇಲ್ಲ. ಭಯವಾದ ಗಳಿಗೆಗೆ ನನ್ನ ಮೈ ಇಲ್ಲದ ಉಲಂಡಿಯ ಮೇಲೆ ಒರಗುತ್ತಿತ್ತು. ದೋಣಿಯನ್ನೇ ಕಾಣದ ಘಟ್ಟದ ಮೇಲಿನ ಹೆಂಗಸಾಗಿದ್ದರೆ ನನಗಿಂತ ಬೇಗ ಕಲಿಯುತ್ತಿದ್ದಳು.

ಇದನ್ನು ಅಣ್ಣನಿಗೆ ಹೇಳಿದೆ. ಅವನು ಮದುವೆಯಾದ ಮೇಲೆ ಅಂಕೋಲೆ ಬಿಟ್ಟು ಕೋಡಿಬಾಗದಲ್ಲಿ ಹೊಳೆಯ ಬಾಯಿಗೇ ಮನೆ ಮಾಡಿಕೊಂಡಿದ್ದ. ಬಲೆ ಹೆಣೆಯುತ್ತಿದ್ದವನು ತಲೆ ಎತ್ತದೆ ನಕ್ಕ.

"ಮೈ ಮೇಲೆ ಎಂತಕ್ಕೆ ತಪ್ಪು ಹಾಕ್ತೆ ತಂಗಿ? ಆಸ್ಪತ್ರೆ ಅನ್ನ ತಿಂದು ನಿಂಗೆ ಹೊಳೆ ಮರ್ತೋಗಿದೆ, ಅಷ್ಟೇಯ. ಅದೂ ದೋಣಿ ಅಲ್ಲ ಮಾರಾಯ್ತಿ, ಚೀಲ. ಚೀಲದಲ್ಲಿ ಮೀನು ತುಂಬ್ತ್ರು, ಮನಷ್ರು ಕೂತ್ಕಣೂದಿಲ್ಲ."

ದಾಕ್ತರು ಮಾತ್ರ ಬೇಸರಪಡಲಿಲ್ಲ. ಚೀಲಕ್ಕೇ ಒಂದು ಉಲಂಡಿ ಕಟ್ಟಿದರಾಯಿತು ಎಂದರು. ಬಿದಿರು ತರಿಸಿ ಕಟ್ಟಿಯೂ ಬಿಟ್ಟರು. ನೀರಿಗೆ ಇಳಿಸಿದ ಅರ್ಧ ತಾಸಿಗೆ ಬಿದಿರಿನ ಎಳೆತಕ್ಕೆ ಒಳಗಿನ ಎರಡು ಪಟ್ಟಿಗಳು ಲಟಕ್ಕೆಂದು ಮುರಿದವು. ಬಡಗಿಯಿಂದ ಪಟ್ಟಿ ಮಾಡಿಸಿ ಹಾಕುವಷ್ಟರಲ್ಲಿ ಮುಂಗಾರಿನ ಮೊದಲ ಮಳೆ, ಮಿರ್ಗದ ಮಳೆ, ಹಿಡಿದಿತ್ತು. ನಾನು ಮತ್ತೆ ಕಲಿತೆ. ಹಲ್ಲು ಕಚ್ಚಿ, ಪ್ರತಿ ತೆರೆಗೂ ನೆಟ್ಟಗೆ ಕೂರು, ನೆಟ್ಟಗೆ ಕೂರು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ, ನಿಂತ ನೀರಿನಲ್ಲಿ ಬೀಳದಷ್ಟು ಕಲಿತೆ. ಹೊಳೆಯ ನಡುವೆ ಹೋಗುವ ಧೈರ್ಯ ಬರಲಿಲ್ಲ. ಆಷಾಢ ಹತ್ತಿರವಾದಂತೆ ಅನ್ನ ಸೇರದಾಯಿತು. ದಿನವೂ ಎರಡು ದೋಣಿಗಳನ್ನು ತಲೆಯೊಳಗೆ ತೂಗುತ್ತಿದ್ದೆ.

ಚೀಲ ಬೇಗ ಹೋಗುತ್ತದೆ, ಒಳಗೆ ಮಳೆ ನೀರು ತುಂಬುವುದಿಲ್ಲ, ಪೆಟ್ಟಿಗೆ ನೆನೆಯುವುದಿಲ್ಲ, ಯಾರನ್ನೂ ಬೇಡಬೇಕಾಗಿಲ್ಲ. ಮಗುಚಿದರೆ ಮಾತ್ರ ಪೆಟ್ಟಿಗೆಯೂ ಇಲ್ಲ, ನಾನೂ ಇಲ್ಲ. ಪಾತಿ ನಿಧಾನ, ಭಾರ. ಒಂದೇ ಅಲಗಿನ ಹುಟ್ಟು, ಒಬ್ಬಳೇ ಹಾಕಿದರೆ ಮೂತಿ ನೆಟ್ಟಗೆ ಇಡುವುದಕ್ಕೇ ಅರ್ಧ ಶಕ್ತಿ ಹೋಗುತ್ತದೆ. ಮಳೆ ಬಂದರೆ ತೊಟ್ಟಿಯ ಹಾಗೆ ತುಂಬುತ್ತದೆ. ಎಲ್ಲಕ್ಕಿಂತ ದೊಡ್ಡದು, ಅದು ಅಣ್ಣನದು. ಆಷಾಢದಲ್ಲಿ ಸಮುದ್ರಕ್ಕೆ ಯಾರೂ ಇಳಿಯುವುದಿಲ್ಲ. ಹೊಳೆಯ ಬಾಯಲ್ಲಿ ಪಾತಿಯಿಂದ ಬಲೆ ಬಿಟ್ಟು ಸಿಕ್ಕಿದ್ದೇ ಅವನ ಮನೆಯ ಒಲೆಗೆ. ನಾನು ಅದನ್ನು ಬಾಳಂತಿಯ ಮನೆಗೆ ಒಯ್ದರೆ ಹನ್ನೊಂದು ದಿನ ಅದು ಬೋರಲು ಬೀಳಬೇಕು. ಹಾಗಾಗಿ ಪಾತಿಯ ಮಾತನ್ನು ನಾನು ಅವನ ಎದುರು ಎತ್ತಲೇ ಇಲ್ಲ.

ಆ ದಿನ ಬೆಳಕು ಹರಿಯುವ ಹೊತ್ತಿಗೆ ಮೇಲಿನಿಂದ, ಕದ್ರಾದ ಕಡೆಯಿಂದ, ಇಳಿತ ಹಿಡಿದು ಬಂದ ಸರಕಿನ ದೋಣಿಯವರು ಧಕ್ಕೆಗೆ ತಾಗುವ ಮೊದಲೇ, ಸುದ್ದಿಗಾಗಿ ಅಲ್ಲಿ ಕಾಯುತ್ತಿದ್ದ ನನಗೆ ಕೂಗಿ ಹೇಳಿದರು. ಕುರ್ವೆಯ ಸೊಸೆಗೆ ಬೇನೆ ಸುರುವಾಗಿದೆ, ಅವಳ ಗಂಡ ದಡದಲ್ಲಿ ನಿಂತು ಹೇಳಿಕಳಿಸಿದ್ದಾನೆ. ಅಷ್ಟು ಹೇಳಿ ಅವರು ನನ್ನ ಕಡೆ ನೋಡದೆ ಸರಕು ಇಳಿಸತೊಡಗಿದರು. ಕುರ್ವೆಯವರು ಈ ವರ್ಷ ಒಂದು ದೋಣಿ ಮಾಡಿಕೊಂಡಿದ್ದಾರೆಂದು ನಮಗೆಲ್ಲ ಗೊತ್ತಿತ್ತು. ಆ ದೋಣಿಯಲ್ಲಿ ಅಲ್ಲಿಯವರು ಯಾರೂ ಯಾಕೆ ಬರಲಿಲ್ಲ ಎಂದು ಆ ಗಡಿಬಿಡಿಯಲ್ಲಿ ನಾನೂ ಕೇಳಲಿಲ್ಲ, ದಾಕ್ತರೂ ಕೇಳಲಿಲ್ಲ.

ಸುದ್ದಿ ತಲುಪಿದ ಕೂಡಲೇ ದಾಕ್ತರು ಆಳಿನ ಕೈಯಲ್ಲಿ ಚೀಲ ಹೊರಿಸಿಕೊಂಡು ಬಂದರು. ಎದುರು ಇಳಿತವಿದ್ದರೂ ಚೀಲದಲ್ಲಿ ಒಂದೂವರೆ ತಾಸಿಗೆ ತಲುಪಬಹುದೆಂದು ಲೆಕ್ಕ ಹಾಕಿ ಹೇಳಿದರು. ಪಾತಿಯಾದರೆ ಮೂರು ತಾಸು. ಭರತ ಬರುವುದನ್ನು ಕಾದರೆ ಮಧ್ಯಾಹ್ನವಾಗುತ್ತದೆ. ಆಸ್ಪತ್ರೆಯಲ್ಲಿ ಜ್ವರದವರು ತುಂಬಿದ್ದರಿಂದ ಅವರು ತಕ್ಷಣ ಹಿಂದಿರುಗಬೇಕಾಗಿತ್ತು. ನೀನು ಚೆನ್ನಾಗಿ ಕಲಿತಿದ್ದೀ, ಹೆದರಬೇಡ ಎಂದು ಹೇಳಿ ಹೋದರು.

ನೈಋತ್ಯದ ಗಾಳಿ ಹೊಳೆಯ ಬಾಯಿಂದ ಒಳಕ್ಕೆ ನುಗ್ಗುತ್ತಿತ್ತು. ಇಳಿತದ ನೀರು ಅದಕ್ಕೆ ಎದುರಾಗಿ ಕಂದು ಬಣ್ಣದ ಗಿಡ್ಡ ತೆರೆಗಳು ಒಂದರ ಬೆನ್ನಿಗೊಂದು ಏಳುತ್ತಿದ್ದವು. ಚೀಲವನ್ನು ನೀರಿಗಿಟ್ಟು, ಒಂದು ಕಾಲು ತೂತಿನೊಳಗೆ ಇಳಿಸಿದೆ. ಇನ್ನೊಂದು ಕಾಲು ಏಳಲಿಲ್ಲ. ನಿಜವಾಗಿ ಏಳಲಿಲ್ಲ. ಅವಳು ಅಲ್ಲಿ ನೋವು ತಿನ್ನುತ್ತಿದ್ದಾಳೆ, ಒಂದೂವರೆ ತಾಸು ಬೇಗ ಹೋಗಬಹುದು, ಹೋದ ವರ್ಷದ ಹಾಗೆ ಆದರೆ ಈ ಸಲ ಅಂಬಿಗರ ಮೇಲೆ ತಪ್ಪು ಹಾಕಲಾಗುವುದಿಲ್ಲ ಎಂದು ನನಗೆ ನಾನೇ ಬೈದುಕೊಂಡೆ. ಕಾಲು ಏಳಲಿಲ್ಲ. ಚೀಲವನ್ನು ಮೇಲಕ್ಕೆಳೆದು ಅಣ್ಣನ ಮನೆಯ ಕಡೆಗೆ ಓಡಿದೆ.

ಅಣ್ಣ ನೂಲು ತರಲೆಂದು ಪೇಟೆಗೆ ಹೋಗಿದ್ದ. ಅತ್ತಿಗೆ ಬಾಗಿಲಲ್ಲಿದ್ದಳು. ಪಾತಿ ಒಯ್ಯುತ್ತೇನೆ ಎಂದೆ. ಎಲ್ಲಿಗೆಂದು ಕೇಳಲಿಲ್ಲ, ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿದಳು. ಮನೆಯೊಳಗೆ ಮೂರು ಮಕ್ಕಳು ಗಂಜಿಗೆ ಕೂತಿದ್ದವು. ಅವಳು ಒಳಗೆ ಹೋದಾಗ ಇನ್ನು ಹೊರಗೆ ಬರುವುದಿಲ್ಲವೆಂದುಕೊಂಡೆ. ಬಂದಳು. ದೋಣಿಯ ನೀರು ತೋಡುವ ಕರಟ ನನ್ನ ಕೈಗಿಟ್ಟು, ಪಾತಿಯ ಹಿಂಭಾಗ ಹಿಡಿದು ನೀರಿಗೆ ನೂಕಿದಳು.

ಮೇಲಕ್ಕೆ ಹೋಗುವ ದಾರಿ ಚೆನ್ನಾಗಿರಲಿಲ್ಲ. ಉಲಂಡಿ ಗಾಳಿಯ ಕಡೆಗಿದ್ದರೆ ಪಾತಿ ಹೇಳಿದ ಮಾತು ಕೇಳುತ್ತದೆ. ಮೂಡಣಕ್ಕೆ ಮುಖ ಮಾಡಿದರೆ ಗಾಳಿ ಬಲಗಡೆ ಹಿಂದಿನಿಂದ, ಉಲಂಡಿ ಎಡಗಡೆ ನೀರಿನೊಳಗೆ ಮೂಗು ಹಾಕುತ್ತಿತ್ತು. ಬಲಗಡೆಗೆ ಸರಿದು ಕೂತು, ಇಳಿತದ ಸೆಳೆತ ಕಡಿಮೆಯಿರುವ ದಡವನ್ನೇ ಹಿಡಿದು, ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬೇರುಗಳಿಗೆ ಹುಟ್ಟು ಸಿಕ್ಕದ ಹಾಗೆ ಎಳೆದೆ. ಮಳೆ ಬಂತು, ನಿಂತಿತು, ಮತ್ತೆ ಬಂತು. ಕಂಬಳಿ ಕೊಪ್ಪೆ ನೆನೆದು ಭಾರವಾಯಿತು. ಪ್ರತಿ ತಿರುವಿನಲ್ಲೂ, ಚೀಲದಲ್ಲಿ ಬಂದಿದ್ದರೆ ಇಷ್ಟು ಹೊತ್ತಿಗೆ ಅಲ್ಲಿರುತ್ತಿದ್ದೆ ಎಂಬ ಒಂದೇ ಯೋಚನೆ. ಸತ್ತರೆ ನಾನೇ ಕೊಂದ ಹಾಗೆ ಎಂದು ಬಾಯಿಬಿಟ್ಟು ಹೇಳಿಕೊಂಡೆ. ಕೇಳಲು ಕೊಕ್ಕರೆ ಬಿಟ್ಟರೆ ಯಾರೂ ಇರಲಿಲ್ಲ.

ಮೂರು ತಾಸಿಗೂ ಮಿಕ್ಕಿತು. ಅವಳ ಗಂಡ ಎದೆಮಟ್ಟದ ನೀರಿಗಿಳಿದು ನಿಂತಿದ್ದ. ಕುರ್ವೆಯ ದೋಣಿ ಮೊದಲ ನೆರೆಗೇ ಹಗ್ಗ ಹರಿದು ಹೋಯಿತೆಂದು ಆಗ ಹೇಳಿದ. ಗದ್ದೆಯ ನೀರಿನ ಮೇಲೆ ಪಾತಿಯನ್ನು ನೂಕಿಕೊಂಡು ಅಂಗಳದವರೆಗೂ ತಂದ. ಒಳಗಿಂದ ಕೂಸಿನ ಅಳು ಕೇಳಿ ನಾನು ಪೆಟ್ಟಿಗೆ ಎತ್ತಿಕೊಂಡು ಒಳಗೆ ಓಡಿದೆ. ಹೆಣ್ಣು, ಗಟ್ಟಿಮುಟ್ಟು. ಅತ್ತೆ ಹೊಕ್ಕುಳಬಳ್ಳಿ ಕಟ್ಟಿದ್ದಳು, ಚೆನ್ನಾಗಿಯೇ ಕಟ್ಟಿದ್ದಳು. ಆದರೆ ಕೂಸು ಹುಟ್ಟಿ ಒಂದು ತಾಸಾಗಿತ್ತು, ಕೂಸಿನ ಹಿಂದೆ ಬೀಳಬೇಕಾದ ಕಸ, ಅಂದರೆ ಮಾಸು, ಬಿದ್ದಿರಲಿಲ್ಲ.

ಅವಳ ಕೆಳಗಿನ ಬಟ್ಟೆ ಮೂರನೆಯದು. ರಕ್ತ ಧಾರೆಯಾಗಿ ಬರುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಹೊಕ್ಕುಳ ಕೆಳಗೆ ಒತ್ತಿ ನೋಡಿದೆ. ಗಟ್ಟಿಯಾಗಿರಬೇಕಾದ ಗರ್ಭ ನಾದಿದ ಹಿಟ್ಟಿನಂತಿತ್ತು. ಉಜ್ಜಿದರೆ ಗಟ್ಟಿಯಾಗುತ್ತಿತ್ತು, ಕೈ ತೆಗೆದರೆ ಮತ್ತೆ ಸಡಿಲ. ಪೆಟ್ಟಿಗೆಯಲ್ಲಿ ಗರ್ಭ ಬಿಗಿಯುವ ಔಷಧವಿತ್ತು, ಮಾಸು ಬೀಳುವ ಮೊದಲು ಕೊಡಬಾರದು. ಕೈ ಒಳಗೆ ಹಾಕಿ ತೆಗೆಯುವುದು ದಾಕ್ತರ ಕೆಲಸ, ಸೂಲಗಿತ್ತಿ ಹಾಗೆ ಮಾಡಕೂಡದೆಂದು ನಮಗೆ ನೂರು ಸಲ ಹೇಳಿ ಕಲಿಸಿದ್ದರು. ಅರ್ಧ ತಾಸು ಉಜ್ಜಿದೆ, ಉಚ್ಚೆ ತೆಗೆಸಿದೆ, ಕೂಸನ್ನು ಮೊಲೆಗೆ ಹಿಡಿಸಿದೆ. ಬೀಳಲಿಲ್ಲ. ಅವಳ ತುಟಿ ಬಿಳಿಚಿಕೊಳ್ಳುತ್ತಿತ್ತು.

ಆಸ್ಪತ್ರೆಗೆ ಒಯ್ಯಬೇಕು ಎಂದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು, ಹಸಿ ಬಾಳಂತಿಯನ್ನು ಮಳೆಯಲ್ಲಿ ಹೊಳೆಗೆ ಇಳಿಸಿದ್ದು ಯಾರೂ ಕೇಳಿಲ್ಲವೆಂದಳು. ಅವಳು ಹೇಳಿದ್ದು ಸುಳ್ಳಲ್ಲ, ನಾನೂ ಕೇಳಿರಲಿಲ್ಲ. ಮಗ ತಾಯಿಯ ಭುಜ ಹಿಡಿದು ಬದಿಗೆ ಸರಿಸಿ ಹೆಂಡತಿಯನ್ನು ಎತ್ತಿಕೊಂಡ.

ಪಾತಿಯ ತಳಕ್ಕೆ ಹುಲ್ಲು ಹಾಸಿ, ಕಾಲು ಎತ್ತರಕ್ಕೆ ಬರುವಂತೆ ಮೂತಿಯ ಕಡೆಗೆ ಗಂಟು ಇಟ್ಟು, ಅವಳನ್ನು ಉದ್ದಕ್ಕೆ ಮಲಗಿಸಿದೆವು. ಕೂಸನ್ನು ಅವಳ ಎದೆಗೆ ಕಟ್ಟಿ ಮೇಲೆ ಕೊಪ್ಪೆ ಹೊದಿಸಿದೆ. ಅವಳ ತಲೆ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಗಂಡನೂ ಹತ್ತಲು ಬಂದ. ದೋಣಿಯ ಅಂಚು ಆಗಲೇ ನೀರಿಗಿಂತ ಒಂದು ಗೇಣಷ್ಟೇ ಮೇಲಿತ್ತು. ಅವನು ಹತ್ತಿದರೆ ನಾಲ್ಕು ಬೆರಳು. ಹುಟ್ಟು ಹಿಡಿಯಲು ಅವನಿಗೆ ಬರುತ್ತಿರಲಿಲ್ಲ. ಹೊಟ್ಟೆ ಉಜ್ಜಲು ಎರಡು ಕೈ ಬೇಕಾಗಿತ್ತು, ನನಗೆ ಗೊತ್ತಿತ್ತು, ಆದರೂ ಬೇಡವೆಂದೆ. ಅವನು ದೋಣಿ ಬಿಡಲಿಲ್ಲ. ಗದ್ದೆಯ ನೀರು ಮುಗಿದು ಹೊಳೆಯ ಆಳ ಸುರುವಾಗುವವರೆಗೂ ಉಲಂಡಿ ಹಿಡಿದು ಬಂದ, ಕೊನೆಗೆ ಕಾಲು ನಿಲ್ಲದಾದಾಗ ಬಿಟ್ಟ.

ಮಳೆಗಾಲದಲ್ಲಿ ಕಾಳಿಯ ಇಳಿತ ಉದ್ದ, ಭರತ ಗಿಡ್ಡ. ಬರುವಾಗ ನನ್ನನ್ನು ಹಿಂದಕ್ಕೆ ತಳ್ಳಿದ ಅದೇ ನೀರು ಇನ್ನೂ ಇಳಿಯುತ್ತಿತ್ತು. ನಡು ಹೊಳೆಗೆ ಹಾಕಿದೆ. ಈಗ ಮುಖ ಪಡುವಣಕ್ಕೆ, ಗಾಳಿ ಎಡಗಡೆಯಿಂದ, ಉಲಂಡಿ ಗಾಳಿಗೆ ಎದುರು. ಪಾತಿ ಬೇರೆಯೇ ದೋಣಿಯಾದ ಹಾಗೆ ಓಡಿತು. ನೂರು ಸಲ ಹುಟ್ಟು ಹಾಕುವುದು, ಹುಟ್ಟನ್ನು ತೊಡೆಯ ಕೆಳಗೆ ಸಿಕ್ಕಿಸುವುದು, ಮುಂದಕ್ಕೆ ಬಾಗಿ ಅವಳ ಹೊಟ್ಟೆ ಉಜ್ಜುವುದು, ಗಟ್ಟಿಯಾದ ಮೇಲೆ ಮತ್ತೆ ನೂರು. ನಾನು ಕೈ ಬಿಟ್ಟು ಬಾಗಿದಾಗಲೆಲ್ಲ ಉಲಂಡಿ ನೀರಿನ ಮೇಲೆ ಅಂಗೈ ಊರಿದ ಹಾಗೆ ದೋಣಿಯನ್ನು ಹಿಡಿದುಕೊಂಡಿತು.

ಮಳೆ ಮತ್ತೆ ಜೋರಾಯಿತು. ತಳದಲ್ಲಿ ನೀರು ಕೂಡಿತು, ಹುಲ್ಲು ತೇಲತೊಡಗಿತು. ಅತ್ತಿಗೆ ಕೊಟ್ಟ ಕರಟದಲ್ಲಿ ತೋಡಿ ಚೆಲ್ಲಿದೆ. ನೀರು ಕೆಂಪಗಿತ್ತು. ಅದರಲ್ಲಿ ಮಳೆ ಎಷ್ಟು, ರಕ್ತ ಎಷ್ಟು ಎಂದು ತಿಳಿಯುವ ದಾರಿಯೇ ಇರಲಿಲ್ಲ. ನನ್ನ ಹದಿಮೂರು ವರ್ಷದ ಕೆಲಸದಲ್ಲಿ ಬಟ್ಟೆ ನೋಡಿ, ಬೋಗುಣಿ ನೋಡಿ ರಕ್ತದ ಅಂದಾಜು ಮಾಡಿದವಳು ನಾನು. ಇಲ್ಲಿ ಇಡೀ ದೋಣಿಯೇ ಬೋಗುಣಿ. ಕರಟ ಕರಟವಾಗಿ ಅವಳನ್ನೇ ಹೊಳೆಗೆ ಚೆಲ್ಲುತ್ತಿದ್ದೇನೆ ಅನ್ನಿಸಿತು. ನಾಡಿ ಹಿಡಿದೆ, ಸಿಕ್ಕಲಿಲ್ಲ. ಕುತ್ತಿಗೆಯಲ್ಲಿ ಹುಡುಕಿದೆ, ಸಿಕ್ಕಿತು. ಮಾತಾಡು, ಮಾತಾಡುತ್ತಿರು ಎಂದೆ. ಅವಳು ಶೆಟಗೇರಿಯಲ್ಲಿ ತನ್ನ ತವರಿನ ಬಾವಿಯ ನೀರು ಸಿಹಿ, ಇಲ್ಲಿಯದು ಸವುಳು ಎಂದು ಏನೋ ಹೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಕೂಸು ಮಾತ್ರ ಅಳುತ್ತಲೇ ಇತ್ತು. ಅದರ ಅಳು ಕೇಳುವವರೆಗೆ ತಾಯಿಯ ಎದೆ ಬೆಚ್ಚಗಿದೆಯೆಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಹೊಳೆಯ ಬಾಯಿ ಹತ್ತಿರವಾದಾಗ ಬೆಳಿಗ್ಗೆ ಕಂಡ ಗಿಡ್ಡ ತೆರೆಗಳು ಎದುರಾದವು. ಮೂರನೆಯ ತೆರೆ ಮೂತಿಯ ಮೇಲಿಂದಲೇ ಒಳಗೆ ಬಂತು. ದೋಣಿ ವಾಲಿತು, ನನ್ನ ಮೈ ತಾನಾಗಿ ಎಡಕ್ಕೆ ಒರಗಿತು. ಉಲಂಡಿ ನೀರಿಗೆ ಒತ್ತಿಕೊಂಡಿತು, ಎದ್ದಿತು, ದೋಣಿ ನೆಟ್ಟಗಾಯಿತು. ಆ ಗಳಿಗೆಯಲ್ಲಿ ನನಗೆ ಅಳು ಬಂತು. ಸುಖಕ್ಕೋ ಭಯಕ್ಕೋ ಗೊತ್ತಿಲ್ಲ, ಅಳುತ್ತಲೇ ಹುಟ್ಟು ಹಾಕಿದೆ.

ಧಕ್ಕೆಯ ಮೇಲೆ ಜನ ನಿಂತಿದ್ದರು. ದೋಣಿಯಲ್ಲಿ ಏನಿದೆಯೆಂದು ಕಂಡ ಕೂಡಲೇ ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ಅವರ ನಡುವಿನಿಂದ ಅಣ್ಣ ಇಳಿದು ಬಂದ. ಅವನನ್ನು ಕಂಡು ನನಗೆ ಹೊಳೆಗಿಂತ ಹೆಚ್ಚು ಅಂಜಿಕೆಯಾಯಿತು. ಅವನು ಸೊಂಟದ ನೀರಿಗೆ ಬಂದು ಉಲಂಡಿಯ ಕೋಲು ಹಿಡಿದು ದೋಣಿಯನ್ನು ದಡಕ್ಕೆ ಎಳೆದ. ತಳದ ಕೆಂಪು ನೀರು ನೋಡಿದ.

"ಜೀವ ಅದ್ಯಾ?"

"ಅದೆ."

ಮತ್ತೇನೂ ಕೇಳದೆ ಅವಳನ್ನು ಎರಡು ಕೈಯಲ್ಲೂ ಎತ್ತಿಕೊಂಡು ಆಸ್ಪತ್ರೆಯ ಕಡೆಗೆ ನಡೆದ. ನಾನು ಕೂಸನ್ನು ಹಿಡಿದು ಹಿಂದೆ ಓಡಿದೆ. ಅರ್ಧ ತಾಸಿನಲ್ಲಿ ದಾಕ್ತರು ಮಾಸು ತೆಗೆದರು. ಎರಡು ದಿನ ಅವಳು ಇತ್ತಲೂ ಇಲ್ಲ, ಅತ್ತಲೂ ಇಲ್ಲ. ಮೂರನೆಯ ದಿನ ಕಣ್ಣು ಬಿಟ್ಟು ಗಂಜಿ ಕುಡಿದಳು.

ದಾಕ್ತರು ಮೇಲಿನವರಿಗೆ ಬರೆದ ವರದಿಯಲ್ಲಿ ನನ್ನ ದೂರಾಲೋಚನೆಯನ್ನು ಹೊಗಳಿದ್ದರು. ರೋಗಿಯನ್ನು ತರಬೇಕಾಗಿ ಬರಬಹುದೆಂದು ಮೊದಲೇ ಊಹಿಸಿ, ವೇಗದ ದೋಣಿಯನ್ನು ಬಿಟ್ಟು ತೆರೆದ ದೋಣಿಯನ್ನು ಆರಿಸಿಕೊಂಡೆನಂತೆ. ನನಗೆ ಓದಿ ತೋರಿಸಿದರು. ನಾನು ಯಾವುದನ್ನೂ ಊಹಿಸಿರಲಿಲ್ಲ. ಒಂದು ಕಾಲು ಏಳಲಿಲ್ಲ, ಅಷ್ಟೇ. ಆದರೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಆ ಕಾಗದ ಹೋದ ಮೇಲೆ ನನಗೆ ಒಳಗೊಳಗೇ ಕಸಿವಿಸಿ.

ಪಾತಿ ಅಣ್ಣನ ಮನೆಯ ತೆಂಗಿನ ಬುಡದಲ್ಲಿ ಬೋರಲು ಬಿದ್ದಿತ್ತು. ಆ ಮನೆಯ ಮುಂದೆ ಹಾದು ಹೋಗಲು ನನಗೆ ಮುಖವಿರಲಿಲ್ಲ. ಐದನೆಯ ದಿನ ಅಣ್ಣನೇ ಆಸ್ಪತ್ರೆಗೆ ಬಂದು ಚೀಲ ಕೊಡು ಎಂದ. ಪಾತಿ ಏಳುವವರೆಗೆ ಅದರಿಂದಲೇ ಗಾಳ ಹಾಕಿ ನೋಡುತ್ತೇನೆ, ಮಕ್ಕಳಿಗೆ ನಾಲ್ಕು ಮೀನು ಸಿಕ್ಕರೆ ಸಾಕು ಎಂದ. ದಾಕ್ತರನ್ನು ಕೇಳಿ ಕೊಟ್ಟೆ. ಹೊತ್ತುಕೊಂಡು ಹೋಗುತ್ತಾ, ಚೀಲದಲ್ಲಿ ಹ್ಯಾಂಗೆ ಕೂರೂದು ಅಂತ ನಿಂಗೆ ಇವತ್ತು ತೋರಿಸ್ತೆ ಎಂದು ನಕ್ಕ.

ಧಕ್ಕೆಯವರಿಗೆಲ್ಲ ಅವತ್ತು ಬೇರೆ ಕೆಲಸವಿರಲಿಲ್ಲ. ಅಣ್ಣ ತೂತಿನೊಳಗೆ ಇಳಿದು, ಎರಡಲಗಿನ ಹುಟ್ಟು ತಿರುಗಿಸಿ ಇಪ್ಪತ್ತು ಮಾರು ಚೆನ್ನಾಗಿಯೇ ಹೋದ. ಬಲಗಡೆಯಿಂದ ಒಂದು ತೆರೆ ಬಂತು. ಅವನ ಭುಜ ಎಡಕ್ಕೆ ಬಾಗಿದ್ದನ್ನು ನಾನು ದಡದಿಂದ ಕಣ್ಣಾರೆ ಕಂಡೆ. ಚೀಲದ ಹೊಟ್ಟೆ ಮೇಲಾಯಿತು. ಜನ ನಕ್ಕರು. ಅವನು ಎದ್ದು ನೀರು ಸುರಿದು ಮತ್ತೆ ಕೂತ, ಮತ್ತೆ ಎಡಕ್ಕೇ ಬಿದ್ದ. ಮೂರನೆಯ ಸಲ ಒಳಗಿಂದ ಕಾಲು ಬೇಗ ಬಿಡಲಿಲ್ಲ. ಜನರ ನಗು ನಿಂತಿತು. ಇಬ್ಬರು ನೀರಿಗೆ ಹಾರಿದರು. ಅಷ್ಟರಲ್ಲಿ ಅವನೇ ಮೇಲೆ ಬಂದು, ಧಕ್ಕೆಯ ಗೂಟ ಹಿಡಿದುಕೊಂಡು ಕೆಮ್ಮಿದ. ಹುಟ್ಟಿದಾಗಿನಿಂದ ಹೊಳೆಯಲ್ಲೇ ಇದ್ದವನು, ಮುಖ ಬಿಳಿಚಿತ್ತು. ನಾನು ಇಳಿದು ಹತ್ತಿರ ಹೋದೆ. ಅವನು ಚೀಲವನ್ನು ನೋಡಿದ, ಆಮೇಲೆ ನನ್ನನ್ನು.

"ತಂಗಿ, ಅವತ್ತು ನೀ ಇದ್ರಲ್ಲಿ ಹೋಗಿದ್ರೆ..."

ಅಷ್ಟಕ್ಕೇ ನಿಲ್ಲಿಸಿದ. ದಾಕ್ತರಿಗೆ ಹೇಳಲಾಗದ್ದನ್ನು ನಾನು ಅವನಿಗೆ ಹೇಳಿದೆ.

"ಹೆದ್ರಿಕೆ ಆಯ್ತು ಅಣ್ಣ. ಕಾಲು ಎದ್ದಿಲ್ಲ. ಬೇರೆ ಎಂತದೂ ಅಲ್ಲ."

ಅವನು ತಲೆಯಾಡಿಸಿದ. ಮೈ ಮೇಲೆ ತಪ್ಪು ಹಾಕುತ್ತೇನೆಂದು ಹಿಂದೆ ನಕ್ಕದ್ದು ಅವನಿಗೆ ನೆನಪಾಗಿರಬೇಕು. ಉಳಿದ ಆರು ದಿನ ಅವನು ಬೇರೆಯವರ ಬಲೆ ಎಳೆದು ಸಿಕ್ಕ ಪಾಲಿನ ಮೀನಿನಲ್ಲಿ ಮನೆ ನಡೆಸಿದ. ಚೀಲವನ್ನು ದಾಕ್ತರು ಬಿಚ್ಚಿ ಮತ್ತೆ ಎರಡು ಗಂಟು ಕಟ್ಟಿಟ್ಟರು.

ಹನ್ನೆರಡನೆಯ ದಿನ ಪಾತಿಯನ್ನು ಮಗುಚಿ, ತೊಳೆದು, ಮೂತಿಗೆ ಕುಂಕುಮ ಹಚ್ಚಿ ಅಣ್ಣ ಕಾಯಿ ಒಡೆದ. ನಾನು ದೂರದಲ್ಲೇ ನಿಂತಿದ್ದೆ. ಕರೆದು ಒಂದು ಹೋಳು ನನ್ನ ಕೈಗೆ ಕೊಟ್ಟು, ಇದು ಅವಳಿಗೆ ಎಂದ. ಮುಂದಿನ ಸಲ ಯಾವ ಊರಿಗೆ ಹೋಗುವುದಿದ್ದರೂ ಒಂದು ದಿನ ಮೊದಲು ಹೇಳು, ಪಾತಿಯೊಳಗಿನ ಬಲೆ ತೆಗೆದಿಡುತ್ತೇನೆ, ಒಯ್ಯುವೆಯಂತೆ ಎಂದ. ಅಮೆಯ ಹನ್ನೊಂದು ದಿನ ಹಾಗೆಯೇ ಇರುತ್ತದೆ; ಅದನ್ನು ಬಿಡುವ ಮಾತು ಅವನು ಆಡಲಿಲ್ಲ.

ಹೋಳು ಹಿಡಿದು ಆಸ್ಪತ್ರೆಗೆ ಹೋದೆ. ಅವಳು ಗೋಡೆಗೆ ಒರಗಿ ಕೂತಿದ್ದಳು, ಕೂಸು ತೊಡೆಯ ಮೇಲೆ ಮಲಗಿತ್ತು. ನನ್ನನ್ನು ಕಂಡು ಏನೋ ಕೇಳಲು ಬಾಯಿ ತೆರೆದಳು. ಹೋದ ವರ್ಷದ ಪ್ರಶ್ನೆ ನೆನಪಾಗಿ ನಾನು ಬಾಗಿಲಲ್ಲೇ ನಿಂತೆ. ಅವಳು ಕಾಯಿಯ ಹೋಳನ್ನು ನೋಡಿ, ಬಾಯಿ, ಒಂದು ಚೂರು ಬೆಲ್ಲ ಇದ್ದರೆ ಕೊಡಿ ಎಂದು ಕೇಳಿದಳು.